ಅಂಜದೀವದಲ್ಲಿ ಕಾದು ಕುಳಿತವರು



ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯವರಿಗೆ ಮುಂಬೈ ಹೊಸ ಊರೇನಲ್ಲ. ಮಳೆ ಕೈಕೊಟ್ಟ ವರ್ಷ ಮನೆಯನ್ನೂ ಮಕ್ಕಳನ್ನೂ ಮುದುಕರ ಕೈಗೊಪ್ಪಿಸಿ, ಕೃಷ್ಣಾ ಸ್ಟೇಷನ್ನಿನಲ್ಲೋ ರಾಯಚೂರಿನಲ್ಲೋ ರೈಲು ಹತ್ತಿ ದುಡಿಯಲು ಹೋದವರು ಇಲ್ಲಿನ ಹಳ್ಳಿ ಹಳ್ಳಿಯಲ್ಲೂ ಇದ್ದಾರೆ. 'ಪಾಲಮೂರು ಕೂಲಿಗಳು' ಎಂಬ ಹೆಸರು ದೇಶಕ್ಕೆಲ್ಲ ಗೊತ್ತು. ಹಾಗೆ ನಮ್ಮವರನ್ನು ಸೆಳೆಯುವ ಈ ಮುಂಬೈ ಇಂಗ್ಲಿಷರ ಕೈಗೆ ಬಂದದ್ದು ಹೇಗೆ? ಶಾಲೆಯ ಪುಸ್ತಕದಲ್ಲಿ ಅದಕ್ಕೆ ಒಂದೇ ಸಾಲಿನ ಉತ್ತರ: ಪೋರ್ಚುಗೀಸ್ ರಾಜಕುಮಾರಿಯ ವರದಕ್ಷಿಣೆಯಾಗಿ ಬಂತು. ನಾವೂ ಅದನ್ನೇ ಬಾಯಿಪಾಠ ಮಾಡಿ ಅಂಕ ಪಡೆದವರು.

ಆ ಒಂದು ಸಾಲಿನೊಳಗೆ ಮುನ್ನೂರಕ್ಕೂ ಹೆಚ್ಚು ಮಂದಿಯ ಸಾವು ಅಡಗಿದೆ. ಅವರು ಮುಂಬೈಯಲ್ಲಿ ಸಾಯಲಿಲ್ಲ, ಯಾವ ಯುದ್ಧದಲ್ಲೂ ಸಾಯಲಿಲ್ಲ. ನಮ್ಮ ಕರ್ನಾಟಕದ ಕಾರವಾರದ ಎದುರಿಗೆ ಸಮುದ್ರದಲ್ಲಿರುವ ಅಂಜದೀವವೆಂಬ ಪುಟ್ಟ ದ್ವೀಪದಲ್ಲಿ, ಒಂದು ಕಾಗದ ಬರುತ್ತದೆಂದು ಕಾದು ಕಾದು ಸತ್ತರು. ಸಮುದ್ರದಾಚೆಯಿಂದ ಬಂದವರು ಆ ದ್ವೀಪದಲ್ಲಿ ನೆಲೆಯೂರಲು ಹೋಗಿ ಸೋತದ್ದು ಒಂದು ಸಲವಲ್ಲ, ಎರಡು ಸಲ. ಆ ಕಥೆಯನ್ನು ಮೊದಲಿನಿಂದಲೇ ನೋಡೋಣ.

ಸಿಹಿನೀರಿನ ದ್ವೀಪ

ಕಾರವಾರದ ದಕ್ಷಿಣಕ್ಕೆ ಬಿಣಗಾ ಎಂಬ ಊರಿದೆ. ಅದರ ಕಡಲತೀರದಲ್ಲಿ ನಿಂತರೆ ಎದುರಿಗೆ ಕಾಣುವುದೇ ಅಂಜದೀವ. ಕೆಲವರು ಅಂಜದೀಪ ಎನ್ನುತ್ತಾರೆ. ಉದ್ದ ಸುಮಾರು ಒಂದು ಮೈಲಿ, ಅಗಲ ಅದಕ್ಕಿಂತ ಬಹಳ ಕಡಿಮೆ. ಕರ್ನಾಟಕದ ದಡಕ್ಕೆ ಇಷ್ಟು ಹತ್ತಿರವಿದ್ದರೂ ಆಡಳಿತದ ಲೆಕ್ಕದಲ್ಲಿ ಅದು ಗೋವಾಕ್ಕೆ ಸೇರಿದ್ದು. ಪೋರ್ಚುಗೀಸರ ಕಾಲದಿಂದ ಉಳಿದುಬಂದ ಗಡಿ ಅದು. ಗಡಿನಾಡಿನಲ್ಲಿ ಬಾಳುವ ನಮಗೆ ಇಂಥ ವಿಚಿತ್ರಗಳು ಅರ್ಥವಾಗದೆ ಇರುವುದಿಲ್ಲ. ದ್ವೀಪದಲ್ಲಿ ಆರ್ಯಾದುರ್ಗೆಯ ಗುಡಿಯಿತ್ತೆಂದೂ, ಪರದೇಶಿಯರು ಬಂದ ಮೇಲೆ ದೇವಿಯನ್ನು ಅಂಕೋಲೆಗೆ ಒಯ್ದರೆಂದೂ ಅಲ್ಲಿಯ ಜನ ಹೇಳುತ್ತಾರೆ.

ಇಷ್ಟು ಸಣ್ಣ ನೆಲಕ್ಕೆ ಅಷ್ಟೊಂದು ಬೆಲೆ ಬರಲು ಕಾರಣ ಅಲ್ಲಿಯ ಸಿಹಿನೀರು. 14ನೆಯ ಶತಮಾನದಲ್ಲಿ ಮೊರೊಕ್ಕೋದ ಪ್ರವಾಸಿ ಇಬ್ನ್ ಬತೂತ ಗೋವಾದ ಬಳಿ ಒಂದು ಚಿಕ್ಕ ದ್ವೀಪದಲ್ಲಿ ಇಳಿದು, ಅಲ್ಲಿ ಗುಡಿ, ತೋಟ, ನೀರಿನ ಕೊಳ ಮತ್ತು ಒಬ್ಬ ಯೋಗಿಯನ್ನು ಕಂಡದ್ದಾಗಿ ಬರೆದಿದ್ದಾನೆ. ಅದು ಅಂಜದೀವವೇ ಎಂದು ಅನೇಕ ವಿದ್ವಾಂಸರು ಗುರುತಿಸುತ್ತಾರೆ. ವಾಸ್ಕೋ ಡ ಗಾಮ ಕೂಡ 1498ರಲ್ಲಿ ಊರಿಗೆ ಮರಳುವಾಗ ನೀರು, ಸೌದೆ ತುಂಬಿಸಿಕೊಳ್ಳಲು ಇಲ್ಲಿಯೇ ತಂಗಿದ.

ಗಾಮ ಅಲ್ಲಿದ್ದಾಗ ಒಬ್ಬ ನಡುವಯಸ್ಸಿನವನು ಹಡಗಿಗೆ ಬಂದು, ಇಟಲಿಯ ಮಾತಿನಲ್ಲಿ ನಮಸ್ಕರಿಸಿ, ಆತನನ್ನು ಅಪ್ಪಿಕೊಂಡ. ಯೂರೋಪಿನ ಯೆಹೂದ್ಯ ಮನೆತನದವನು. ಆಗ ಗೋವಾವನ್ನು ಆಳುತ್ತಿದ್ದ ಬಿಜಾಪುರದ ಆದಿಲಶಾಹಿಗಳ ಸೇವೆಯಲ್ಲಿದ್ದ. ಗಾಮನಿಗೆ ಅನುಮಾನ ಬಂತು. ಹಿಡಿದು ಹೊಡೆಸಿದ. ಏಟು ತಾಳಲಾರದೆ ಆತ ತಾನು ಬೇಹಿಗೆ ಬಂದದ್ದೆಂದು ಒಪ್ಪಿಕೊಂಡ. ಅವನನ್ನು ಪೋರ್ಚುಗಲ್ಲಿಗೆ ಕರೆದೊಯ್ದು ಜ್ಞಾನಸ್ನಾನ ಕೊಡಿಸಿ ಗಾಸ್ಪರ್ ಡ ಗಾಮ ಎಂದು ಹೆಸರಿಟ್ಟರು. ಮುಂದೆ ಅವನೇ ಅವರ ದುಭಾಷಿಯಾದ. ಏಟಿನ ಬೆನ್ನಿಗೆ ಬಂದ ಜ್ಞಾನಸ್ನಾನವನ್ನು ಹೆಮ್ಮೆಯಿಂದ ಹೇಳಿಕೊಳ್ಳಲು ನನಗಂತೂ ಮನಸ್ಸಾಗದು.

ಮೊದಲ ಸೋಲು

1505ರ ಮಾರ್ಚಿಯಲ್ಲಿ ಫ್ರಾನ್ಸಿಸ್ಕೋ ಡ ಅಲ್ಮೇಡಾ ಎಂಬವನು ಭಾರತಕ್ಕೆ ಮೊದಲ ಪೋರ್ಚುಗೀಸ್ ರಾಜಪ್ರತಿನಿಧಿಯಾಗಿ ಲಿಸ್ಬನ್ನಿನಿಂದ ಹೊರಟ. ಅವನ ಕೈಯಲ್ಲಿ ರಾಜನ ಅಪ್ಪಣೆಯಿತ್ತು: ಅಂಜದೀವ, ಕಣ್ಣೂರು, ಕೊಚ್ಚಿಗಳಲ್ಲಿ ಕೋಟೆ ಕಟ್ಟಬೇಕು. ಸೆಪ್ಟೆಂಬರಿನಲ್ಲಿ ಬಂದವನೇ ಮೊದಲು ಅಂಜದೀವದಲ್ಲಿ ಕೋಟೆಯ ಕೆಲಸ ಹಿಡಿದ. ಮನುಯೆಲ್ ಪಸಾನ್ಹಾ ಎಂಬವನನ್ನು ಕೋಟೆಯ ಮುಖ್ಯಸ್ಥನನ್ನಾಗಿ ನೇಮಿಸಿ, ಸ್ವಲ್ಪ ಜನರನ್ನು ಬಿಟ್ಟು, ದಾರಿಯಲ್ಲಿ ಹೊನ್ನಾವರದ ಹಡಗುಗಳಿಗೆ ಬೆಂಕಿಯಿಟ್ಟು ಕಣ್ಣೂರಿನ ಕಡೆ ಸಾಗಿದ.

ಲಿಸ್ಬನ್ನಿನ ಅರಮನೆಯಲ್ಲಿ ನಕ್ಷೆ ಹರಡಿಕೊಂಡು ನೋಡಿದವರಿಗೆ ಈ ದ್ವೀಪ ಬಹಳ ಸೊಗಸಾಗಿ ಕಂಡಿರಬೇಕು. ಸುತ್ತಲೂ ನೀರು, ಆದ್ದರಿಂದ ಶತ್ರುವಿನ ಭಯ ಕಡಿಮೆ, ಕುಡಿಯಲು ಸಿಹಿನೀರು, ಯೂರೋಪಿನಿಂದ ಮಳೆಗಾಲದ ಕೊನೆಗೆ ಬರುವ ಹಡಗುಗಳಿಗೆ ಹೇಳಿ ಮಾಡಿಸಿದ ತಂಗುದಾಣ. ಆದರೆ ನಕ್ಷೆಯಲ್ಲಿ ಜೂನ್ ತಿಂಗಳು ಕಾಣಿಸುವುದಿಲ್ಲ. ಕರಾವಳಿಯ ಮುಂಗಾರು ನಮ್ಮ ಕಡೆಯ ಮಳೆಯಂತಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಹಾಯಿಹಡಗುಗಳಿಗೆ ಸಮುದ್ರವೇ ಮುಚ್ಚಿದಂತೆ. ಹೊರಗಿನಿಂದ ನೆರವು ಬರುವಂತಿಲ್ಲ, ಒಳಗಿದ್ದವರು ಓಡಿಹೋಗುವಂತಿಲ್ಲ. ದ್ವೀಪದಲ್ಲಿ ಅಕ್ಕಿ ಬೆಳೆಯದು. ಎಲ್ಲವೂ ಎದುರಿನ ದಡದಿಂದಲೇ ಬರಬೇಕು. ಆ ದಡದವರ ಹಡಗುಗಳನ್ನು ಸುಟ್ಟವರಿಗೆ ಅಕ್ಕಿ ಕೊಡುವವರು ಯಾರು?

1506ರಲ್ಲಿ ಗೋವಾದ ಕಡೆಯಿಂದ ದೊಡ್ಡ ದೋಣಿಪಡೆ ಬಂದು ಕೋಟೆಯನ್ನು ಮುತ್ತಿತು. ಅದರ ಮುಂದಾಳು ಯಾರೆಂದುಕೊಂಡಿರಿ? ತನ್ನವರನ್ನು ಬಿಟ್ಟು ಗೋವಾ ಸೇರಿದ್ದ ಒಬ್ಬ ಪೋರ್ಚುಗೀಸ್ ಬಡಗಿ. ಮುತ್ತಿಗೆ ಹೇಗೋ ತೆರವಾಯಿತು. ಆದರೆ ಇಲ್ಲಿ ಇರುವುದರಿಂದ ಬರುವ ಲಾಭಕ್ಕಿಂತ ಕಾಪಾಡುವ ಖರ್ಚೇ ಹೆಚ್ಚು ಎಂದು ಅಲ್ಮೇಡಾನಿಗೆ ಮನವರಿಕೆಯಾಯಿತು. ಕಟ್ಟಿದ ಕೋಟೆಯನ್ನು ತಾವೇ ಕೆಡವಿ, ಎರಡು ವರ್ಷ ತುಂಬುವ ಮೊದಲೇ ದ್ವೀಪವನ್ನು ಬಿಟ್ಟುಹೋದರು. 1510ರಲ್ಲಿ ಆಲ್ಬುಕರ್ಕ್ ಗೋವಾವನ್ನೇ ಹಿಡಿದ ಮೇಲೆ ಅವರಿಗೆ ಅಂಜದೀವದ ಅಗತ್ಯವೂ ಉಳಿಯಲಿಲ್ಲ.

ತಪ್ಪನ್ನು ಬೇಗ ಗುರುತಿಸಿ ಜನರನ್ನು ಬದುಕಿರುವಾಗಲೇ ಕರೆದುಕೊಂಡು ಹೋದ ಅಲ್ಮೇಡಾನನ್ನು ಈ ಒಂದು ವಿಷಯದಲ್ಲಿ ಮೆಚ್ಚಲೇಬೇಕು. ನೂರೈವತ್ತು ವರ್ಷಗಳ ಮೇಲೆ ಬಂದವರಿಗೆ ಆ ಭಾಗ್ಯವಿರಲಿಲ್ಲ.

ದೇವರು ವರ ಕೊಟ್ಟರೂ

17ನೆಯ ಶತಮಾನದ ನಡುವಿಗೆ ಪೋರ್ಚುಗಲ್ ಬಡವಾಗಿತ್ತು. ಯೂರೋಪಿನಲ್ಲಿ ಸ್ಪೇನಿನೊಂದಿಗೆ ಯುದ್ಧ. ಪೂರ್ವದಲ್ಲಿ ಡಚ್ಚರ ಕಾಟ. 1656ರಲ್ಲಿ ಕೊಲಂಬೊ ಡಚ್ಚರ ಪಾಲಾಯಿತು. ಬಲವಾದ ನೆಂಟಸ್ತನ ಬೇಕಾಗಿತ್ತು. ಹೀಗಾಗಿ 1661ರ ಜೂನ್ 23ರಂದು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೂ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರಿನಳಿಗೂ ಮದುವೆಯ ಒಪ್ಪಂದವಾಯಿತು. ಮುಂಬೈಯ ಬಂದರು ಮತ್ತು ದ್ವೀಪ ಇಂಗ್ಲೆಂಡಿಗೆ. ಬದಲಿಗೆ ಡಚ್ಚರ ವಿರುದ್ಧ ಇಂಗ್ಲಿಷರ ನೆರವು. ಮುಂಬೈಯ ಜನರು ತಮ್ಮ ಕಥೋಲಿಕ ಧರ್ಮವನ್ನು ನಿರಾತಂಕವಾಗಿ ಆಚರಿಸಿಕೊಂಡು ಹೋಗಬಹುದೆಂಬ ಮಾತೂ ಅದರಲ್ಲಿ ಸೇರಿತ್ತು.

ಮರುವರ್ಷ ಮಾರ್ಲ್‌ಬರೊ ಎಂಬ ಶ್ರೀಮಂತನ ನೇತೃತ್ವದಲ್ಲಿ ಐದು ಹಡಗುಗಳು ಹೊರಟವು. ಮುಂಬೈಯ ಗವರ್ನರ್ ಆಗಲಿದ್ದವನು ಸರ್ ಅಬ್ರಹಾಂ ಶಿಪ್‌ಮನ್. ಅವನೊಂದಿಗೆ ನಾನೂರಕ್ಕೂ ಮೇಲ್ಪಟ್ಟ ಸೈನಿಕರು. ಮುಂಬೈಯನ್ನು ಒಪ್ಪಿಸಿಕೊಡಬೇಕಾಗಿದ್ದ ಗೋವಾದ ಹೊಸ ಪೋರ್ಚುಗೀಸ್ ಅಧಿಪತಿ ಆಂಟೋನಿಯೊ ಡ ಮೆಲೊ ಎ ಕಾಸ್ತ್ರೊ ಕೂಡ ಅದೇ ಹಡಗುಪಡೆಯಲ್ಲಿದ್ದ! ಕೊಡುವವನೂ ತೆಗೆದುಕೊಳ್ಳುವವರೂ ತಿಂಗಳುಗಟ್ಟಲೆ ಒಟ್ಟಿಗೆ ಪಯಣಿಸಿ 1662ರ ಸೆಪ್ಟೆಂಬರಿನಲ್ಲಿ ಮುಂಬೈ ಮುಟ್ಟಿದರು. ಶಿಪ್‌ಮನ್‌ನ ಹಡಗು ಸ್ವಲ್ಪ ತಡವಾಗಿ ಬಂದು ಸೇರಿತು.

ಬಂದ ಮೇಲೆ ಜಗಳ ಶುರುವಾಯಿತು. ಮುಂಬೈ ಎಂದರೆ ಸಾಷ್ಟಿ, ಠಾಣೆಗಳೂ ಸೇರಿದ್ದು ಎಂದು ಇಂಗ್ಲಿಷರು. ಒಂದೇ ಒಂದು ದ್ವೀಪ ಎಂದು ಪೋರ್ಚುಗೀಸರು. ಅದು ಬಗೆಹರಿಯುವ ಮೊದಲೇ ಇನ್ನೊಂದು ತಕರಾರು: ಶಿಪ್‌ಮನ್ ತಂದ ಅಧಿಕಾರಪತ್ರದ ಒಕ್ಕಣೆ ಪದ್ಧತಿಯಂತಿಲ್ಲ, ಇದರ ಆಧಾರದ ಮೇಲೆ ಕೊಡಲಾಗದು ಎಂದ ಮೆಲೊ ಎ ಕಾಸ್ತ್ರೊ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಮುಂಬೈಯ ತೆಂಗಿನ ತೋಟ, ಗದ್ದೆಗಳ ಒಡೆಯರಾಗಿದ್ದ ಪೋರ್ಚುಗೀಸ್ ಮನೆತನಗಳಿಗೂ ಇಂಗ್ಲಿಷರು ಬರುವುದು ಬೇಕಿರಲಿಲ್ಲ. ಆದರೆ ಮೆಲೊ ಎ ಕಾಸ್ತ್ರೊನದು ಬರೀ ಹಟವೆಂದು ನಾನು ಹೇಳಲಾರೆ. ಇಂಗ್ಲಿಷರು ಮುಂಬೈಯಲ್ಲಿ ನೆಲೆಸಿದ ದಿನವೇ ಭಾರತ ನಮ್ಮ ಕೈತಪ್ಪುತ್ತದೆ ಎಂಬ ಅರ್ಥದಲ್ಲಿ ಆತ ಮುಂದೆ ತನ್ನ ದೊರೆಗೆ ಬರೆದ. ಲಿಸ್ಬನ್ನಿನಲ್ಲಿ ಯಾರಿಗೂ ಕಾಣದ್ದು ಅವನಿಗೆ ಕಂಡಿತ್ತು.

ಮುಂಬೈಯಲ್ಲಿ ಇಳಿಯಲು ಬಿಡಲಿಲ್ಲ. ಸೂರತ್ತಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯಸ್ಥ ಸರ್ ಜಾರ್ಜ್ ಆಕ್ಸೆಂಡನ್ ಇದ್ದ. ಅಲ್ಲಿಯಾದರೂ ಇಳಿಯಲು ಜಾಗ ಕೊಡಿಸು ಎಂದು ಕೇಳಿದರು. ನಾನೂರು ಮಂದಿ ಆಯುಧಪಾಣಿಗಳನ್ನು ಇಳಿಸಿದರೆ ಮೊಗಲರ ಅಧಿಕಾರಿಗಳು ಸುಮ್ಮನಿರುತ್ತಾರೆಯೇ, ನಮ್ಮ ವ್ಯಾಪಾರಕ್ಕೇ ಕುತ್ತು ಎಂದು ಆತನೂ ಕೈಯಾಡಿಸಿಬಿಟ್ಟ. ಸ್ವದೇಶದವರೇ, ಒಂದೇ ದೊರೆಯ ಪ್ರಜೆಗಳೇ. ಆದರೂ ಕದ ತೆರೆಯಲಿಲ್ಲ. ಕೊನೆಗೆ ಯಾರಿಗೂ ಬೇಡದ ಜಾಗವೊಂದು ನೆನಪಿಗೆ ಬಂತು. ಶಿಪ್‌ಮನ್‌ನನ್ನೂ ಸೈನಿಕರನ್ನೂ ಅಂಜದೀವದಲ್ಲಿ ಇಳಿಸಿ, ಹೊಸ ಕಾಗದ ತರಲು ಮಾರ್ಲ್‌ಬರೊ ಇಂಗ್ಲೆಂಡಿಗೆ ಹೊರಟುಹೋದ.

ಆಗಿನ ಕಾಲದಲ್ಲಿ ಆಫ್ರಿಕಾವನ್ನು ಸುತ್ತಿ ಹೋಗಲು ಆರು ತಿಂಗಳಿಗೂ ಹೆಚ್ಚು ಬೇಕು. ಲಂಡನ್ನಿನವರು ಲಿಸ್ಬನ್ನಿಗೆ ಬರೆಯಬೇಕು, ಲಿಸ್ಬನ್ನಿನವರು ಯೋಚಿಸಿ ಗೋವಾಕ್ಕೆ ಬರೆಯಬೇಕು, ಆ ಪತ್ರ ಮಳೆಗಾಲ ತಪ್ಪಿಸಿ ಬರಬೇಕು. ಎಷ್ಟು ಬೇಗವೆಂದರೂ ಒಂದೂವರೆ ಎರಡು ವರ್ಷ. ಅಲ್ಲಿಯವರೆಗೆ ನಾನೂರು ಮಂದಿ ಆ ಒಂದು ಮೈಲಿಯ ಬಂಡೆಯ ಮೇಲೆ ಕೂರಬೇಕು.

ನಮ್ಮ ಕಡೆಯ ಗುಂಪುಮೇಸ್ತ್ರಿಗಳ ಕಥೆ ಗೊತ್ತಿರುವವರಿಗೆ ಇದು ಹೊಸದೆನಿಸದು. ಮುಂಗಡ ಕೊಟ್ಟು ಕರೆದೊಯ್ಯುತ್ತಾರೆ. ಅಲ್ಲಿ ಹೋದರೆ ಕೆಲಸವೇ ಶುರುವಾಗಿರುವುದಿಲ್ಲ. ತಗಡಿನ ಶೆಡ್ಡಿನಲ್ಲಿ ಇವತ್ತು ನಾಳೆ ಎಂದು ದಿನ ನೂಕಬೇಕು. ಹಿಂದೆ ಬರೋಣವೆಂದರೆ ಕೈಯಲ್ಲಿ ಕಾಸಿರುವುದಿಲ್ಲ. ಆ ಇಂಗ್ಲಿಷ್ ಸೈನಿಕರೂ ಹೆಚ್ಚಿನವರು ಬಡವರ ಮಕ್ಕಳೇ. ರಾಜಕುಮಾರಿಯ ಮದುವೆಯಿಂದ ಅವರಿಗೆ ಬರಬೇಕಾದದ್ದೇನೂ ಇರಲಿಲ್ಲ.

ಅಂಜದೀವದಲ್ಲಿ ಅವರಿಗೆ ಸರಿಯಾದ ಸೂರಿರಲಿಲ್ಲ. ಪೋರ್ಚುಗೀಸರ ಹಳೆಯ ಕೋಟೆ ನೂರೈವತ್ತು ವರ್ಷಗಳ ಹಿಂದೆಯೇ ನೆಲಸಮವಾಗಿತ್ತು. ಚಳಿದೇಶದ ಶರೀರಕ್ಕೆ ಕರಾವಳಿಯ ಬೇಸಿಗೆ. ಅದು ಮುಗಿಯುತ್ತಲೇ ನಾಲ್ಕು ತಿಂಗಳ ಬಿಡದ ಮಳೆ. ಊಟ ದಡದವರ ಮರ್ಜಿಗೆ ಬಿಟ್ಟದ್ದು. ಜ್ವರ, ಭೇದಿ ಹಿಡಿಯಿತು. ಮದ್ದು ಯಾರ ಬಳಿಯೂ ಇರಲಿಲ್ಲ. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆಂದೇ ಆಗ ಎಲ್ಲರೂ ನಂಬಿದ್ದರು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂಬ ಸುಳಿವು ರೊನಾಲ್ಡ್ ರಾಸ್‌ಗೆ ನಮ್ಮ ಸಿಕಂದರಾಬಾದಿನಲ್ಲೇ ಸಿಕ್ಕಿದ್ದು 1897ರಲ್ಲಿ, ಅಂದರೆ ಇನ್ನೂ ಇನ್ನೂರ ಮೂವತ್ತು ವರ್ಷಗಳ ಮೇಲೆ.

ಇನ್ನೊಂದು ವ್ಯಂಗ್ಯವನ್ನು ಗಮನಿಸಿ. ಡಚ್ಚರ ವಿರುದ್ಧ ಪೋರ್ಚುಗೀಸರಿಗೆ ನೆರವಾಗಲೆಂದಲ್ಲವೇ ಈ ನೆಂಟಸ್ತನ ಕುದುರಿಸಿದ್ದು? 1663ರ ಜನವರಿಯಲ್ಲಿ ಡಚ್ಚರು ಕೊಚ್ಚಿಯನ್ನು ಹಿಡಿದರು, ಫೆಬ್ರವರಿಯಲ್ಲಿ ಕಣ್ಣೂರನ್ನು. ನೆರವಿಗೆ ಬರಬೇಕಾದ ಇಂಗ್ಲಿಷ್ ಸೈನಿಕರು ಅದೇ ಕರಾವಳಿಯಲ್ಲಿ ಅಂಜದೀವದ ಪಾಲಾಗಿದ್ದರು. ಕಾಗದದ ಜಗಳದಲ್ಲಿ ಕೊಟ್ಟವನಿಗೂ ನಷ್ಟ, ಪಡೆದವನಿಗೂ ನಷ್ಟ. ಡಚ್ಚರು ಮಾತ್ರ ನಕ್ಕಿರಬೇಕು.

ಒಂದು ಮಳೆಗಾಲ ಕಳೆಯಿತು. ಎರಡನೆಯದು ಬರುವ ವರ್ಷ, 1664ರಲ್ಲಿ, ಶಿಪ್‌ಮನ್ ಕೂಡ ಅಲ್ಲೇ ತೀರಿಕೊಂಡ. ಸಾಯುವ ಮೊದಲು ತನ್ನ ಕಾರ್ಯದರ್ಶಿ ಹಂಫ್ರೀ ಕುಕ್ ಎಂಬವನನ್ನು ಉತ್ತರಾಧಿಕಾರಿಯಾಗಿ ಹೆಸರಿಸಿದ್ದ. ಇತ್ತ ಅವನು ಸತ್ತ ಮೇಲೆ, ಅತ್ತ ಯೂರೋಪಿನಿಂದ ಸರಿಯಾದ ಒಕ್ಕಣೆಯ ಹೊಸ ಅಪ್ಪಣೆ ಬಂತು. ಮುಂಬೈಯನ್ನು ಒಪ್ಪಿಸಿಕೊಡಬೇಕಾದದ್ದು ಯಾರಿಗೆ? ಅಬ್ರಹಾಂ ಶಿಪ್‌ಮನ್‌ಗೆ! ಹೆಸರಿನಲ್ಲಿದ್ದವನು ಮಣ್ಣಾಗಿದ್ದಾನೆ, ಈಗ ಕುಕ್‌ಗೆ ಕೊಡಬಹುದೇ ಕೊಡಬಾರದೇ ಎಂದು ಗೋವಾದಲ್ಲಿ ಮತ್ತೆ ಚರ್ಚೆ, ಅಲ್ಲಿಯ ನ್ಯಾಯಾಧೀಶರ ಅಭಿಪ್ರಾಯ ಕೇಳಿದರು. ಸತ್ತ ಗಂಡನ ಹೆಸರಿನ ಪಹಣಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದ ನಮ್ಮ ತಾಯಂದಿರು ಇದನ್ನು ಓದಿದರೆ ನಗುತ್ತಾರೋ ಅಳುತ್ತಾರೋ.

ಕೊಡಬಹುದು ಎಂದು ತೀರ್ಮಾನವಾಯಿತು. ಇಂಗ್ಲಿಷರ ಕಡೆಯಿಂದ ಚೌಕಾಸಿ ಮಾಡಲು ಬಲವೂ ಇರಲಿಲ್ಲ, ಜನವೂ ಇರಲಿಲ್ಲ. 1665ರ ಜನವರಿಯಲ್ಲಿ ಪೋರ್ಚುಗೀಸರು ಹಾಕಿದ ಕರಾರುಗಳಿಗೆಲ್ಲ ಕುಕ್ ಸಹಿ ಹಾಕಿದ. ಸಾಷ್ಟಿ ಇಲ್ಲ, ಠಾಣೆ ಇಲ್ಲ, ಬರೀ ಮುಂಬೈ ದ್ವೀಪ. ಫೆಬ್ರವರಿ 18ರಂದು ಡೋನಾ ಇಗ್ನೆಸ್ ಡ ಮಿರಾಂಡಾ ಎಂಬ ವಿಧವೆಯ ಬಂಗಲೆಯಲ್ಲಿ ಹಸ್ತಾಂತರದ ಶಾಸ್ತ್ರ ನಡೆಯಿತು. ಇಂಗ್ಲೆಂಡಿನಿಂದ ಬಂದ ನಾನೂರಕ್ಕೂ ಮೇಲ್ಪಟ್ಟವರಲ್ಲಿ ಅಂಜದೀವದಿಂದ ಮುಂಬೈಗೆ ಬಂದು ಇಳಿದವರು ನೂರರ ಆಸುಪಾಸು. ಸೈನ್ಯದ ಅಧಿಕಾರಿಗಳಲ್ಲಿ ಉಳಿದಿದ್ದವನು ಬಾವುಟ ಹಿಡಿಯುವ ಕಿರಿಯ ಅಧಿಕಾರಿಯೊಬ್ಬನೇ.

ಇಷ್ಟು ಜನ ಸತ್ತು ಸಿಕ್ಕಿದ ಮುಂಬೈ ರಾಜನಿಗೆ ಹಿಡಿಸಲೂ ಇಲ್ಲ. ಕುಕ್ ಒಪ್ಪಿಕೊಂಡ ಕರಾರನ್ನು ಚಾರ್ಲ್ಸ್ ಮೆಚ್ಚಲಿಲ್ಲ. 1666ರಲ್ಲಿ ಬಂದ ಮುಂದಿನ ಗವರ್ನರ್ ಸರ್ ಜರ್ವೇಸ್ ಲೂಕಸ್ ಹಣಕಾಸಿನ ಆರೋಪ ಹೊರಿಸಿ ಕುಕ್‌ನನ್ನು ಸೆರೆಗೆ ಹಾಕಿದ. ಮರುವರ್ಷ ಆ ಲೂಕಸನೂ ಮುಂಬೈಯಲ್ಲಿ ತೀರಿಕೊಂಡ. ಖರ್ಚು ಹೆಚ್ಚು, ಆದಾಯ ಕಡಿಮೆ ಎಂದು ಬೇಸತ್ತ ಚಾರ್ಲ್ಸ್ 1668ರ ಮಾರ್ಚ್ 27ರಂದು ಇಡೀ ಮುಂಬೈಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಬಾಡಿಗೆ ವರ್ಷಕ್ಕೆ 10 ಪೌಂಡ್ ಹಣ, ಚಿನ್ನದ ನಾಣ್ಯದಲ್ಲಿ, ಸೆಪ್ಟೆಂಬರ್ 30ಕ್ಕೆ ಸಲ್ಲಬೇಕು. ಸೂರತ್ತಿನಲ್ಲಿ ಆ ಸೈನಿಕರಿಗೆ ಕದ ಮುಚ್ಚಿದ್ದ ಆಕ್ಸೆಂಡನ್ನನೇ ಈಗ ಅವರಿಗೂ ಮುಂಬೈಗೂ ಒಡೆಯನಾದ.

ಅಂಜದೀವದಲ್ಲಿ ಬದುಕುಳಿದವರನ್ನು ಕಂಪನಿ ತನ್ನ ಸೇವೆಗೆ ತೆಗೆದುಕೊಂಡಿತು. ಅವರಿಂದ ಬೆಳೆದದ್ದೇ ಕಂಪನಿಯ ಮುಂಬೈಯ ಯೂರೋಪಿಯನ್ ದಳ. ಅದು ಹೆಸರು ಬದಲಾಯಿಸುತ್ತ ಕೊನೆಗೆ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ಸೇರಿ, 1922ರಲ್ಲಿ ವಿಸರ್ಜನೆಯಾಯಿತು.

ಆಮೇಲಿನ ಅಂಜದೀವ

ಇಂಗ್ಲಿಷರು ಬಿಟ್ಟುಹೋದ ಮೇಲೆ ದ್ವೀಪ ಕೆಲವು ವರ್ಷ ಪಾಳು ಬಿದ್ದಿತ್ತು. 1682ರಲ್ಲಿ ಸಂಭಾಜಿಯ ಕಣ್ಣು ಅದರ ಮೇಲೆ ಬಿತ್ತು. ಮರಾಠರು ಕೋಟೆ ಕಟ್ಟಿದರೆ ಗೋವಾಕ್ಕೆ ಅಪಾಯವೆಂದು ಪೋರ್ಚುಗೀಸರೇ ಮೊದಲು ಹೋಗಿ ಕೋಟೆ ಕಟ್ಟಿದರು. ಈ ಸಲ ಅವರು ಉಳಿದರು. ಕಾರಣ ಕಷ್ಟವಲ್ಲ: ಬೆನ್ನಿಗೆ ಗೋವಾ ಇತ್ತು. ಅಕ್ಕಿ, ಆಳು, ದೋಣಿ ಎಲ್ಲವೂ ಒಂದೆರಡು ದಿನದ ದಾರಿಯಲ್ಲಿ ಸಿಗುತ್ತಿದ್ದವು. ಲಿಸ್ಬನ್ನಿನಿಂದಲೋ ಲಂಡನ್ನಿನಿಂದಲೋ ನಡೆಸಲಾಗದ ಸಂಸಾರವನ್ನು ಪಕ್ಕದ ಮನೆಯಿಂದ ನಡೆಸಬಹುದಾಗಿತ್ತು.

ಕೋಟೆಯೊಳಗೆ ನೊಸ್ಸ ಸೆನ್ಹೋರಾ ದಾಸ್ ಬ್ರೋತಾಸ್ ಎಂಬ ಹೆಸರಿನ ಮಾತೆ ಮರಿಯಮ್ಮನವರ ದೇವಾಲಯವಿದೆ. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಕಾಲದ ಗಲಭೆಗಳಿಗೆ ಹೆದರಿ ಮಂಗಳೂರು, ಬಿದನೂರು ಸೀಮೆಗಳಿಂದ ಓಡಿಬಂದ ಕ್ರೈಸ್ತರಿಗೂ ಹಿಂದೂಗಳಿಗೂ ಆ ದ್ವೀಪ ಆಸರೆಯಾಯಿತು. ಸೈನ್ಯಕ್ಕೆ ಸ್ಮಶಾನವಾದ ನೆಲ ನಿರಾಶ್ರಿತರಿಗೆ ಮನೆಯಾಯಿತು. ಅದಾದ ಮೇಲೆ ಅಪರಾಧಿಗಳನ್ನು ಗಡೀಪಾರು ಮಾಡುವ ಜಾಗವಾಗಿಯೂ ಪೋರ್ಚುಗೀಸರು ಅದನ್ನು ಬಳಸಿದರು. ಜನ ಕಡಿಮೆಯಾಗುತ್ತ ಹೋದರು.

1961ರ ನವೆಂಬರಿನಲ್ಲಿ ಅಂಜದೀವದ ಪೋರ್ಚುಗೀಸ್ ಸೈನಿಕರು ಸಾಬರಮತಿ ಎಂಬ ಭಾರತೀಯ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಗೋವಾ ವಿಮೋಚನೆಯ ಕಾರ್ಯಾಚರಣೆಗೆ ಕಾರಣವಾದ ಘಟನೆಗಳಲ್ಲಿ ಇದೂ ಒಂದು. ಡಿಸೆಂಬರ್ 18ರಂದು ಐ.ಎನ್.ಎಸ್. ತ್ರಿಶೂಲ್ ಹಡಗಿನಿಂದ ನಮ್ಮ ನಾವಿಕರು ದ್ವೀಪಕ್ಕೆ ಇಳಿದರು, ಐ.ಎನ್.ಎಸ್. ಮೈಸೂರು ಹಿಂದಿನಿಂದ ಫಿರಂಗಿಯ ಬೆಂಬಲ ಕೊಟ್ಟಿತು. ಏಳು ಮಂದಿ ನಾವಿಕರು ಅಲ್ಲಿ ಪ್ರಾಣ ಕೊಟ್ಟರು. ಅವರ ನೆನಪಿಗೆ ದ್ವೀಪದಲ್ಲಿ ಸ್ಮಾರಕವಿದೆ.

ಈಗ ಅಂಜದೀವ ಭಾರತೀಯ ನೌಕಾಪಡೆಯ ವಶದಲ್ಲಿದೆ. 2005ರಲ್ಲಿ ಕಾರವಾರದಲ್ಲಿ ಐ.ಎನ್.ಎಸ್. ಕದಂಬ ನೆಲೆ ಆರಂಭವಾದ ಮೇಲೆ ಆ ಭಾಗದ ಸಮುದ್ರವೆಲ್ಲ ಕಾವಲಿನಲ್ಲಿದೆ. ಫೆಬ್ರವರಿ 2ರ ಬ್ರೋತಾಸ್ ಮಾತೆಯ ಹಬ್ಬಕ್ಕೂ, ಅಕ್ಟೋಬರ್ 4ರ ಸಂತ ಫ್ರಾನ್ಸಿಸರ ಹಬ್ಬಕ್ಕೂ ಗೋವಾ, ಕಾರವಾರಗಳ ಭಕ್ತರು ಹಿಂದೆ ದೋಣಿಗಳಲ್ಲಿ ಹೋಗಿ ಪೂಜೆಯಲ್ಲಿ ಭಾಗವಹಿಸಿ ಸಂಜೆಗೆ ಮರಳುತ್ತಿದ್ದರು. ಈಗ ನೌಕಾಪಡೆಯ ಅಪ್ಪಣೆಯಿಲ್ಲದೆ ಯಾರೂ ಅಲ್ಲಿ ಕಾಲಿಡುವಂತಿಲ್ಲ. ಕಾರವಾರದ ಕಡೆ ಹೋದವರು ಬಿಣಗಾದ ದಡದಲ್ಲಿ ನಿಂತು ದೂರದಿಂದ ನೋಡಬಹುದು.